ಚರಗದ ಗೆರೆಯ ಆಚೆಗಿನ ಮನೆ

ಚಿನ್ನವ್ವ, ಪುಟ್ಟಪ್ಪ,

ನಿಮ್ಮ ಶಾಲೆಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಅಜ್ಜಿಯಾಗಿ ನಾನು ಕರೆಯುವ ಹೆಸರುಗಳೇ ಸಾಕು. ಉಳಿದವರ ಹೆಸರನ್ನಂತೂ ಬರೆಯುವುದೇ ಇಲ್ಲ. ಅದು ಅವರ ಮೇಲಿನ ಮರ್ಯಾದೆಗಲ್ಲ. ಹೆಸರು ಬರೆಯಹೋದರೆ ಮುಖ ಕಣ್ಣ ಮುಂದೆ ಬರುತ್ತದೆ, ಕೈ ನಿಂತುಬಿಡುತ್ತದೆ.

ಹೋದ ಬೇಸಿಗೆಯಲ್ಲಿ ರಾಣೆಬೆನ್ನೂರಿನ ಮದುವೆಯಲ್ಲಿ ಊಟಕ್ಕೆ ಕುಳಿತಾಗ ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ನಿಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದು ನನಗೂ ಕೇಳಿಸಿತು. "ಹಾಳ ಬಿದ್ದ ಊರು ತುಂಬಿಸಿದಾವ ನಾನು. ಮೊದಲ ಹೆಜ್ಜಿ ನಂದು. ನಿಮ್ಮ ಆಯಿ ಎಲ್ಲಾರಕಿಂತ ಕಡೀಕ ಬಂದಾಕಿ." ಪುಟ್ಟಪ್ಪ ಎದುರಿನ ಸಾಲಿನಲ್ಲಿದ್ದ ನನ್ನ ಕಡೆ ನೋಡಿ, "ಹೌದೇನ ಆಯಿ?" ಎಂದು ಕೇಳಿದ. ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ತಲೆ ಬಗ್ಗಿಸಿ ಸಾರು ಅನ್ನ ಕಲಸುತ್ತ ಕುಳಿತೆ. ನಾಲ್ಕು ಜನ ನೋಡಿದರೆ ನನ್ನ ನಾಲಿಗೆ ಏಳುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಕುಪ್ಪೇಲೂರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದೆ. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗ ಮಾಡುತ್ತಿರುವುದೂ ಅದನ್ನೇ. ನಿಮ್ಮ ಸಣ್ಣಜ್ಜ ಹೇಳಿದ್ದು ಸುಳ್ಳು.

ನಮ್ಮ ಊರು ಗುತ್ತಲದಿಂದ ತುಂಗಭದ್ರೆಯ ಕಡೆಗೆ ಹೋಗುವ ದಾರಿಯಲ್ಲಿದೆ. ನಿಮ್ಮ ಅವ್ವ ಇನ್ನೂ ಲಂಗ ಉಡುತ್ತಿದ್ದ ವರ್ಷ ಹೊಳೆ ಊರೊಳಗೆ ಬಂತು. ಮಾಳಿಗೆಯ ಮೇಲೆ ಹತ್ತಿ ಕುಳಿತು ಜೀವ ಉಳಿಸಿಕೊಂಡೆವು. ನೀರು ಇಳಿದ ಮೇಲೆ ಸರಕಾರದವರು ಎತ್ತರದ ಎರೆಹೊಲದಲ್ಲಿ ಸಾಲು ಮನೆ ಕಟ್ಟಿಸಿ, ಊರನ್ನು ಅಲ್ಲಿಗೆ ಎಬ್ಬಿಸಿದರು. ಆ ಜಾಗವನ್ನು ನಾವು ಪ್ಲಾಟು ಎನ್ನುತ್ತೇವೆ. ಊರು ಬಿಡುವಾಗ ಜನ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಬಿಚ್ಚಿಕೊಂಡು ಹೋದರು. ಮೇಲಿನ ಮಾಳಿಗೆ ತೆಗೆದರೆ ಮಣ್ಣಿನ ಗೋಡೆ ಎಷ್ಟು ಮಳೆ ತಡೆದೀತು? ಎರಡು ಮಳೆಗಾಲದಲ್ಲಿ ಊರು ಕರಗಿ ದಿಬ್ಬ ದಿಬ್ಬವಾಯಿತು. ನಿಮ್ಮ ಅಜ್ಜ ಮಾತ್ರ ಅಡಿಗೆಮನೆಯ ಮಾಳಿಗೆಯನ್ನೂ ಬಾಗಿಲನ್ನೂ ಬಿಚ್ಚಲಿಲ್ಲ. "ಹೊಳಿಗೆ ಮನಿ ಬಾಡಿಗಿ ಕೊಟ್ಟಾನ ನೋಡ್ರಿ" ಎಂದು ಮಂದಿ ಆಡಿಕೊಂಡರು.

ಅಣ್ಣತಮ್ಮಂದಿರಿಬ್ಬರಿಗೂ ಸೇರಿ ಪ್ಲಾಟಿನಲ್ಲಿ ಒಂದೇ ಮನೆ ಬಂತು. ಮೈದುನ ಅದರಲ್ಲಿ ತನ್ನ ಹೆಂಡತಿ ಮಕ್ಕಳನ್ನು ಇಳಿಸಿ ಬಾಗಿಲು ಹಾಕಿಕೊಂಡ. ನಾವು ಬ್ಯಾಡಗಿಗೆ ಹೋದೆವು. ನಿಮ್ಮ ಅಜ್ಜ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರಾದರು. ನಾನು ನೂರಾರು ಹೆಂಗಸರ ನಡುವೆ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತುಂಬು ಬಿಡಿಸುವ ಕೆಲಸಕ್ಕೆ ಹೋದೆ. ಒಂದೊಂದೇ ಕಾಯಿ ಹಿಡಿದು ತೊಟ್ಟು ಮುರಿಯಬೇಕು. ಆ ಕೈಯನ್ನು ಸಂಜೆ ಎಷ್ಟು ತೊಳೆದರೂ ಕಣ್ಣಿಗೆ ತಾಗಿಸುವಂತಿರಲಿಲ್ಲ. ನಿಮ್ಮ ಅವ್ವನ ಮದುವೆ ಮಾಡಿದ್ದು ಅಲ್ಲಿಂದಲೇ. ನಿಮ್ಮ ಅಜ್ಜ ತೀರಿಕೊಂಡದ್ದೂ ಅಲ್ಲಿಯೇ. ಒಂದು ಮಧ್ಯಾಹ್ನ ಚೀಲ ಇಳಿಸಿ ಬುತ್ತಿ ಬಿಚ್ಚಿದವರು ಬುತ್ತಿಯ ಮೇಲೆಯೇ ಒರಗಿದರು.

ಆಮೇಲೆ ನನಗೆ ಕೆಮ್ಮು ಹತ್ತಿತು. ಮೆಣಸಿನಕಾಯಿ ಘಾಟು ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದರು ಡಾಕ್ಟರು. ನಿಮ್ಮ ಅವ್ವ ರಾಣೆಬೆನ್ನೂರಿಗೆ ಕರೆದಳು. ಅಳಿಯನೂ ಕರೆದ, ಒಳ್ಳೆಯವನು. ಆದರೆ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದರೆ ಬೀಗತಿ, ಅದರ ಮೇಲೆ ಇದ್ದರೆ ಭಾರ. ಹಾಗಾಗಿ ಗಂಟು ಹಿಡಿದು ಮೊದಲು ಪ್ಲಾಟಿಗೆ ಹೋದೆ. ಆ ಮನೆಯಲ್ಲಿ ಅರ್ಧ ನಿಮ್ಮ ಅಜ್ಜನದು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಾಗಿಲಲ್ಲೇ ನಿಂತು ಗಂಟಿನ ಕಡೆ ನೋಡಿದಳು.

"ಎಮ್ಮಿ ಕಟ್ಟಾಕ ಜಾಗ ಇಲ್ಲಿಲ್ಲೆ. ನಿನ್ನ ಎಲ್ಲಿ ಕಟ್ಟೂಣ ಅಕ್ಕಾ?"

ಮೈದುನ ಒಳಗಿನಿಂದಲೇ ಕೂಗಿದ. "ಹಳೇ ಊರಾಗ ಮಾಳಿಗಿ ಮನಿ ಐತೆಲ್ಲಾ ವೈನಿದು. ಅಣ್ಣ ಬಿಚ್ಚಲಾರದ ಬಿಟ್ಟಿದ್ದು ಮತ್ತ ಯಾರಿಗೆ? ಅರಮನಿ ಬಿಟ್ಟು ನಮ್ಮ ಗೂಡಿಗೆ ಯಾಕ ಬರತಾಳ?"

ಕಟ್ಟೆಯ ಮೇಲೆ ಕುಳಿತಿದ್ದವರು ನಕ್ಕರು. ನಾನು ಗಂಟು ಎತ್ತಿಕೊಂಡು ಹಳೇ ಊರಿಗೆ ಹೋದೆ. ಅವರು ತಮಾಷೆಗೆ ಅಂದದ್ದು, ನಾನು ಹೋದದ್ದು ತಮಾಷೆಗಲ್ಲ.

ಊರ ಹೆಬ್ಬಾಗಿಲಾದ ಅಗಸಿಯ ಕಲ್ಲುಕಂಬಗಳು ಹಾಗೆಯೇ ನಿಂತಿದ್ದವು. ಒಳಗೆ ಓಣಿ ಯಾವುದು, ಮನೆ ಯಾವುದು ತಿಳಿಯದಂತೆ ಬಳ್ಳಾರಿ ಜಾಲಿ ಬೆಳೆದಿತ್ತು. ನಮ್ಮ ಅಡಿಗೆಮನೆಯಲ್ಲಿ ಕುರುಬರು ಎಂದೋ ಕುರಿ ತರುಬಿದ್ದರು, ಮೊಳಕಾಲುದ್ದ ಹಿಕ್ಕೆ. ಅದನ್ನು ಬಾಚಿ ಹಿತ್ತಲಿಗೆ ಹಾಕಿದೆ, ಮುಂದೆ ಹೀರೆ ಬಳ್ಳಿಗೆ ಅದೇ ಗೊಬ್ಬರವಾಯಿತು. ಮಾಳಿಗೆಯ ಬಿರುಕಿಗೆ ಕರಲು ಮಣ್ಣು ಮೆತ್ತಿದೆ. ನೆಲ ಸಾರಿಸಿದೆ. ಹಳೆಯ ಒಲೆಯ ಮೂಲೆಯಲ್ಲೇ ಹೊಸ ಒಲೆ ಹೂಡಿದೆ. ಹೊಳೆಯಿಂದ ನೀರು ತಂದೆ. ಆ ಊರಲ್ಲಿ ಮತ್ತೆ ಹೊಗೆ ಎದ್ದದ್ದು ಅಂದು. ಇದನ್ನು ನೆನಪಿಡಿರಿ.

ಹೊಲಗಳೆಲ್ಲ ಹಳೇ ಊರಿನ ಸುತ್ತಲೇ ಇದ್ದುದರಿಂದ ಪ್ಲಾಟಿನವರು ದಿನವೂ ನನ್ನ ಮನೆಯ ಮುಂದೆಯೇ ಹಾಯ್ದು ಹೋಗುತ್ತಿದ್ದರು. ಮೊದಮೊದಲು ಮಾತು ಎಸೆದು ಹೋಗುತ್ತಿದ್ದರು. "ದೆವ್ವಾನೂ ಹಾಳೂರಾಗ ಇರಾಕ ಒಲ್ಲೆ ಅಂತಾವ, ಈಕಿ ಕುಂತಾಳ ನೋಡಬೇ." "ಈಕೀನ್ನ ಕಂಡ ಓಡಿ ಹೋಗ್ಯಾವ ಅವು." ಬಿಸಿಲೇರಿದ ಮೇಲೆ ಅದೇ ಬಾಯಿಗಳು ನೀರು ಕೇಳಲು ಬರುತ್ತಿದ್ದವು. ನೀರು ಕುಡಿದು ಚರಗಿಯನ್ನು ನೆಲದ ಮೇಲೆ ಉರುಳಿಸಿ ಹೋಗುತ್ತಿದ್ದರು. ನನ್ನ ಗೋಡೆಯ ನೆರಳಿಗೆ ಎತ್ತು ಕಟ್ಟುತ್ತಿದ್ದರು. ಮೈದುನ ಎಷ್ಟೋ ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಟವೆಲು ಹಾಸಿ ಮಲಗಿದ್ದಾನೆ. ಮಜ್ಜಿಗೆ ಕೊಟ್ಟಿದ್ದೇನೆ. ಕುಡಿದು, "ಉಪ್ಪು ಕಡಿಮಿ ಆಗೇತಿ ವೈನಿ" ಎಂದಿದ್ದಾನೆ.

ಹಾಗೆ ನೆರಳಿಗೆ ಬಂದು ಬಂದೇ ಅವರಿಗೆ ಹಳೇ ಊರಿನ ರುಚಿ ಮತ್ತೆ ಹತ್ತಿತು. ಪ್ಲಾಟಿನ ಬೋರು ಬತ್ತಿತ್ತು. ಅಲ್ಲಿ ದನ ಕಟ್ಟಲು, ಬಣವೆ ಒಟ್ಟಲು ಜಾಗವಿರಲಿಲ್ಲ. ಸಂಜೆ ಹೊಲ ಬಿಟ್ಟು ಹೋದರೆ ಹಂದಿಗಳು ಗೋವಿನಜೋಳ ಮುಗಿಸುತ್ತಿದ್ದವು. ನನ್ನ ಮನೆಯ ಅಕ್ಕಪಕ್ಕದ ಹೊಲಗಳಿಗೆ ಮಾತ್ರ ಹಂದಿ ಬರುತ್ತಿರಲಿಲ್ಲ, ದೀಪ ಇರುತ್ತಿತ್ತಲ್ಲ. ಇದನ್ನು ನೋಡಿಯೇ ಹಲವು ಮನೆಯವರು ವಾಪಸು ಬರಲು ಮನಸ್ಸು ಮಾಡಿದರು. ಮೈದುನ ಮುಂದಾಳಾದ. ಹಾವೇರಿಗೆ ಹೋಗಿ ಕರೆಂಟಿನ ಸಾಹೇಬರನ್ನು ಕಂಡು, "ಊರು ತುಂಬೇತ್ರಿ, ಮಂದಿ ಸಂಸಾರ ಮಾಡಾಕತ್ತಾರ, ಮನಿಗಳಿಗೆ ಒಂದು ಟೀಸಿ ಹಾಕಿ ಕೊಡ್ರಿ" ಎಂದು ಕೇಳಿ ಬಂದ. ಟೀಸಿ ಅಂದರೆ ಎರಡು ಕಂಬದ ನಡುವೆ ಕೂರಿಸಿ ಮನೆಗಳಿಗೆ ಕರೆಂಟು ಹಂಚುವ ದೊಡ್ಡ ಪೆಟ್ಟಿಗೆ. ಒಂದು ದಿನ ಬಂದು ನೋಡುತ್ತೇನೆ, ಮಂದಿ ಇದ್ದರೆ ಹಾಕಿಸುತ್ತೇನೆ ಎಂದರಂತೆ ಸಾಹೇಬರು. ಆಗ ಸಂಸಾರ ಮಾಡುತ್ತಿದ್ದ ಮಂದಿ ನಾನೊಬ್ಬಳೇ.

ಪ್ಲಾಟಿನ ಹನುಮಪ್ಪನ ಗುಡಿಯ ಮುಂದೆ ಸಭೆ ಸೇರಿತು. ಊರಿನ ಹಿರಿಯರೊಬ್ಬರು ಶಾಸ್ತ್ರ ಹೇಳಿದರು. ಹಾಳು ಬಿದ್ದ ಊರಿಗೆ ಹೇಗೆಂದರೆ ಹಾಗೆ ನುಗ್ಗುವಂತಿಲ್ಲ. ಎಲ್ಲರೂ ಅಗಸಿಯ ಹೊರಗೆ ನಿಲ್ಲಬೇಕು. ಒಳಗೆ ಒಂದು ನರಪಿಳ್ಳೆ ಇರಬಾರದು, ಒಂದು ಒಲೆ ಉರಿಯಬಾರದು. ಮೊದಲು ಆಕಳು, ಅದರ ಹಿಂದೆ ತುಂಬಿದ ಕೊಡ ಹೊತ್ತ ಮುತ್ತೈದೆಯರು, ಆಮೇಲೆ ಉಳಿದವರು. ಒಳಗೆ ಹೋದ ಕೂಡಲೇ ಸುಣ್ಣದ ಪುಡಿಯಿಂದ ಗೆರೆ ಹಾಕಿ ಮನೆಮನೆಯ ಜಾಗ ಗುರುತು ಮಾಡಬೇಕು.

"ಒಂದು ಒಲಿ ಐತೆಲ್ಲರಿ ಒಳಗ" ಎಂದರು ಯಾರೋ.

"ಅದನ್ನ ಒಲಿ ಅಂತಾರೇನು?" ಎಂದಳು ನೆಗೆಣ್ಣಿ. "ರಂಡಿಮುಂಡಿ ಒಲಿ ಮೊದಲ ಹತ್ತಿದ್ದಕ್ಕ ಊರು ಇನ್ನೂ ತುಂಬಿಲ್ಲ."

ಮೈದುನ ಮೆತ್ತಗೆ ಮಾತಾಡಿದ. ಅವನು ಮೆತ್ತಗೆ ಮಾತಾಡಿದರೆ ನಾನು ಹೆದರುತ್ತೇನೆ. "ಆಕಿ ಹೊರಗ ಬರಲಿ, ಒಲಿ ಆರಸಲಿ. ಜಾಗ ಎಲ್ಲಾರದೂ ಹೊಸದಾಗಿ ಗೆರಿ ಹಾಕಿದಂಗ ಆಗತೈತಿ. ಗಂಡುಮಕ್ಕಳಿಲ್ಲ, ಆಕಿಗೆ ಅಷ್ಟು ದೊಡ್ಡ ಅಂಗಳ ಯಾಕ? ಹಳ್ಳದ ದಂಡಿಗೆ ಒಂದು ತಟಗು ಕೊಡೂಣ. ಆಕಿ ಅಂಗಳದಾಗ ನನ್ನ ಟ್ರ್ಯಾಕ್ಟರಿಗೆ ಶೆಡ್ಡರ ಆದೀತು."

ಆಗ ಎಲ್ಲ ತಿಳಿಯಿತು. ಶಾಸ್ತ್ರ ಹಿರಿಯರದು, ಟ್ರ್ಯಾಕ್ಟರು ಇವನದು. ಒಲೆ ಆರಿದರೆ ನನ್ನ ಮನೆಯೂ ಉಳಿದ ದಿಬ್ಬಗಳಂತೆ ಒಂದು ದಿಬ್ಬ. ನಾನು ಗುಡಿಯ ಪಕ್ಕದ ಗೋಡೆಗೆ ಆತು ನಿಂತಿದ್ದೆ. "ಏನಂತೀಬೇ?" ಎಂದು ಹಿರಿಯರು ಕೇಳಿದರು. ನನ್ನಿಂದ ಮಾತು ಹೊರಡಲಿಲ್ಲ. "ಒಪ್ಪಿಗಿ ಐತಿ" ಎಂದು ಎದ್ದರು.

ದಸರೆ ಮುಗಿದ ಮೇಲೆ ಒಂದು ಸೋಮವಾರ ಮುಹೂರ್ತ ಇಟ್ಟರು. ಬೆಳಗಾಗುತ್ತಲೇ ನೆಗೆಣ್ಣಿ ಬಂದಳು. ನಾನು ಒಲೆ ಆರಿಸಿರಲಿಲ್ಲ, ರೊಟ್ಟಿ ಬೇಯುತ್ತಿತ್ತು. ಅವಳು ಕುಡಿಯುವ ನೀರಿನ ಕೊಡ ಎತ್ತಿ ಒಲೆಯೊಳಗೆ ಬೋರಲು ಹಾಕಿದಳು. ಬೂದಿನೀರು ಸಾರಿಸಿದ ನೆಲದ ಮೇಲೆಲ್ಲ ಹರಿಯಿತು. ಅರೆಬೆಂದ ರೊಟ್ಟಿ ಅದರಲ್ಲಿ ತೇಲಿತು. "ಏಳು, ಹೊರಗ ನಡಿ. ಮಡೀಲೆ ಇರೂ ಮಂದೀನ್ನ ಮುಟ್ಟಬ್ಯಾಡ, ದೂರ ನಿಂದರು" ಎಂದು ಹೇಳಿ, ಮತ್ತೆ ಮೀಯಲು ಹೊಳೆಗೆ ಹೋದಳು.

ಅಗಸಿಯ ಹೊರಗಿನ ಬೇವಿನ ಗಿಡದ ಕೆಳಗೆ ನನ್ನನ್ನು ನಿಲ್ಲಿಸಿದರು. ಆಕಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಮುತ್ತೈದೆಯರು ಒದ್ದೆ ಕೂದಲಲ್ಲಿ ಕೊಡ ಹೊತ್ತು ಸಾಲಾಗಿ ನಿಂತಿದ್ದರು. ಮೈದುನನ ಕೈಯಲ್ಲಿ ಸುಣ್ಣದ ಬಕೀಟು. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಷ್ಟರಲ್ಲಿ ಗುತ್ತಲದ ಕಡೆಯಿಂದ ಒಂದು ಜೀಪು ಬಂತು. ಕರೆಂಟಿನ ಸಾಹೇಬರು ಮತ್ತು ಒಬ್ಬ ಲೈನ್‌ಮನ್ ಇಳಿದರು.

"ಏನ್ರಿ, ಎಲ್ಲಾರೂ ಹೊರಗ ಯಾಕ ನಿಂತೀರಿ?"

"ಊರು ತುಂಬೂ ಶಾಸ್ತ್ರ ಐತ್ರಿ ಸಾಹೇಬ್ರ" ಎಂದರು ಹಿರಿಯರು. "ಹಾಳೂರಿಗೆ ಇವತ್ತ ಕಾಲಿಡಾಕತ್ತೇವಿ."

ಸಾಹೇಬರು ಮೈದುನನ ಕಡೆ ತಿರುಗಿದರು. "ನೀವು ಆಗಲೇ ಮಂದಿ ಅದಾರ ಅಂದಿದ್ರಿ. ಅದಕ್ಕ ನಾ ಇಲ್ಲೀತನಕ ಬಂದೇನಿ. ಒಳಗ ಯಾರರ ಅದಾರೋ ಇಲ್ಲೋ?"

ಮೈದುನ ಬಾಯಿ ತೆರೆದ. ಹಿರಿಯರು ಅವನ ತೋಳು ಹಿಡಿದು, "ಯಾರರ ಅದಾರ ಅಂದಿ ಅಂದ್ರ ಶಾಸ್ತ್ರ ಇಲ್ಲಿಗೇ ಕೆಟ್ಟಂಗ ನೋಡು" ಎಂದರು. ಮೆಲ್ಲಗೆ ಅಂದದ್ದೇ, ಆದರೆ ಬೇವಿನ ಗಿಡದವರೆಗೆ ಕೇಳಿಸಿತು. ಮೈದುನ ಆಕಳನ್ನು ನೋಡಿದ. ಕೈಯಲ್ಲಿದ್ದ ಬಕೀಟು ನೋಡಿದ. ಆಮೇಲೆ ನನ್ನನ್ನು ನೋಡಿದ, ನನ್ನ ಕಣ್ಣಲ್ಲಿ ಕಣ್ಣಿಟ್ಟೇ ನೋಡಿದ.

"ಯಾರೂ ಇಲ್ಲರಿ."

"ಒಬ್ಬರೂ ಇಲ್ಲ?"

"ಒಬ್ಬರೂ ಇಲ್ಲರಿ. ಹಾಳೂರು ಅದು."

"ಹಂಗಾದ್ರ ಟೀಸಿ ಯಾರಿಗೆ, ಜಾಲಿ ಗಿಡಕ್ಕೇನು?" ಎಂದು ಸಾಹೇಬರು ಜೀಪಿನ ಕಡೆ ಹೊರಟರು.

ನನಗೆ ಕರೆಂಟು ಬೇಕಿರಲಿಲ್ಲ ಮಕ್ಕಳೇ, ಚಿಮಣಿ ದೀಪ ಸಾಕಾಗಿತ್ತು. ಆದರೆ ನಾನು ಎದುರಿಗೆ ನಿಂತಿರುವಾಗ, ನನ್ನ ಮಜ್ಜಿಗೆ ಕುಡಿದ ಬಾಯಿ ಒಬ್ಬರೂ ಇಲ್ಲ ಎಂದಿತು. ನಾನಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಲಾಗಲಿಲ್ಲ. ಅದಕ್ಕೆ ನಡೆದೆ. ಬೇವಿನ ಗಿಡ ಬಿಟ್ಟು, ಆಕಳ ಮುಂದೆ ಹಾಯ್ದು, ಅಗಸಿಯ ಒಳಗೆ ಹೋದೆ.

"ಏ, ತಡೀಬೇ. ಆಕೀನ್ನ ಹಿಡೀರಿ ಯಾರರ" ಎಂದು ಹಿರಿಯರು ಅರಚಿದರು. ಯಾರೂ ಹಿಡಿಯಲಿಲ್ಲ. ಹೆಂಗಸರು ಮಡಿಯಲ್ಲಿದ್ದರು, ನನ್ನನ್ನು ಮುಟ್ಟಿದರೆ ಕೊಡ ಚೆಲ್ಲಿ ಮತ್ತೆ ಮೀಯಬೇಕಿತ್ತು. ಗಂಡಸರು ಸಾಹೇಬರ ಮುಂದೆ ಪರಹೆಂಗಸಿನ ಕೈ ಹಿಡಿಯುವಂತಿರಲಿಲ್ಲ. ಅವರ ಶಾಸ್ತ್ರವೇ ನನಗೆ ದಾರಿ ಬಿಟ್ಟಿತು.

ಒಲೆ ತೊಯ್ದು ಕೆಸರಾಗಿತ್ತು. ಅಂಗಳದಲ್ಲಿ ಮೂರು ಕಲ್ಲು ಇಟ್ಟು, ಕುಳ್ಳು ಮುರಿದು, ಜಾಲಿ ಪುಳ್ಳಿ ಒಟ್ಟಿ ಕಡ್ಡಿ ಗೀರಿದೆ. ಪುಳ್ಳಿ ಹಸಿಯಿದ್ದುದರಿಂದ ಉರಿಗಿಂತ ಹೊಗೆಯೇ ಹೆಚ್ಚು. ಕೆಮ್ಮುತ್ತ ಊದಿದೆ.

ಅಗಸಿಯ ಹತ್ತಿರ ಲೈನ್‌ಮನ್ ಹೇಳುವುದು ಕೇಳಿಸಿತು. "ಸಾಹೇಬ್ರ, ಹೊಗಿ ಬರಾಕತ್ತೈತ್ರಿ."

ಇಬ್ಬರೂ ನಡೆದು ಬಂದರು. ಸಾಹೇಬರು ಹಗ್ಗದ ಮೇಲೆ ಒಣಗುತ್ತಿದ್ದ ಸೀರೆ ನೋಡಿದರು, ಕಾಲಲ್ಲಿ ಸುಳಿದಾಡುವ ಕೋಳಿ ನೋಡಿದರು. "ಇಲ್ಲೇ ಇರತೀರೇನವ್ವಾ?" ಎಂದರು. ತಲೆಯಾಡಿಸಿದೆ. "ಎಂದಿನಿಂದ?" ನಾನು ಮಾಳಿಗೆಯ ಮೇಲೆ ಹಬ್ಬಿದ್ದ ಹೀರೆ ಬಳ್ಳಿಯನ್ನು ತೋರಿಸಿದೆ. ಬೀಜಕ್ಕೆ ಬಿಟ್ಟ ಕಾಯಿಗಳು ಒಣಗಿ ಜೋತಾಡುತ್ತಿದ್ದವು. ಅವರು ಹಳ್ಳಿಯವರೇ ಇರಬೇಕು, ಇದು ನಿನ್ನೆ ಮೊನ್ನೆಯ ಸಂಸಾರವಲ್ಲ ಎಂದು ತಿಳಿದು ಮತ್ತೇನೂ ಕೇಳಲಿಲ್ಲ. ಲೈನ್‌ಮನ್‌ಗೆ ಹೇಳಿ ನನ್ನ ಅಂಗಳದ ಅಂಚಿನಲ್ಲಿ ಟೀಸಿಯ ಗುರುತಿಗೆ ಒಂದು ಗೂಟ ಹೊಡೆಸಿದರು. ಹೊರಗೆ ಹೋಗುವಾಗ ಮೈದುನನಿಗೆ, "ಮಂದೀನ್ನ ಮುಚ್ಚಿಟ್ಟು ಕರೆಂಟ್ ಕೇಳತೀರೇನ್ರಿ? ನಾ ಸುಮ್ಮನ ಹೋಗಿದ್ರ ಕತ್ತಲಾಗ ಕುಂದರತಿದ್ರಿ" ಎಂದರು. ಇದು ನನಗೆ ಲೈನ್‌ಮನ್ ಆಮೇಲೆ ಹೇಳಿದ್ದು.

ಅಂದು ಶಾಸ್ತ್ರ ನಿಂತಿತು. ಮುಂಡೆ ಆಕಳಿಗಿಂತ ಮೊದಲು ಹೊಕ್ಕಳು ಎಂದು ಮುತ್ತೈದೆಯರು ಕೊಡಗಳನ್ನು ಅಲ್ಲೇ ಚೆಲ್ಲಿ ಹೋದರು. ನೆಗೆಣ್ಣಿ ನನ್ನ ಬಾಗಿಲಿಗೆ ಬಂದು, "ಸುಡಗಾಡಿಗೆ ಹಚ್ಚೂ ಬೆಂಕಿ ಊರಿಗೆ ಹಚ್ಚಿದೆಲ್ಲ ಅಕ್ಕಾ. ನಿನ್ನ ಕೈ ಸೇದಿ ಹೋಗಲಿ" ಎಂದು ಮಣ್ಣು ತೂರಿದಳು. ಟೀಸಿ ಬರುವುದು ಆ ಬೆಂಕಿಯಿಂದಲೇ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಇಮ್ಮಡಿಯಾಗಿತ್ತು.

ಸ್ವಲ್ಪ ದಿನ ಬಿಟ್ಟು ಮತ್ತೆ ಮುಹೂರ್ತ ಇಟ್ಟರು. ಮತ್ತೆ ಹೊರಗೆ ಬಾ ಎಂದು ಹೇಳಿ ಕಳಿಸಿದರು. ಈ ಸಲ ನಾನು ಬಾಗಿಲು ಹಾಕಿ ಅಗಳಿ ಜಡಿದು ಒಲೆಯ ಮುಂದೆ ಕುಳಿತೆ. ಅವರು ಹೊರಗೆ ಬಹಳ ಹೊತ್ತು ವಾದ ಮಾಡಿದರು. ಬಾಗಿಲು ಮುರಿಯೋಣ ಎಂದ ಒಬ್ಬ. ಸಾಹೇಬರು ಗೂಟ ಹೊಡೆದ ಜಾಗ, ತಂಟೆ ಬೇಡ ಎಂದ ಇನ್ನೊಬ್ಬ. ಕೊನೆಗೆ ಹಿರಿಯರು ಒಂದು ಉಪಾಯ ಕಂಡುಹಿಡಿದರು.

"ಆಕಿ ಮನಿ ಬಿಟ್ಟು ಸೀಮಿ ಕಟ್ಟೂಣ. ಆಕಿ ಮನಿ ಊರ ಹೊರಗ ಅಂತ ತಿಳೀರಿ."

ಊರಿಗೆ ಸೀಮೆ ಕಟ್ಟುವಾಗ ಸುತ್ತಲೂ ಚರಗ ಚೆಲ್ಲುತ್ತಾರೆ, ಬೇಯಿಸಿದ ಜೋಳದ ನುಚ್ಚು. ಅದು ಬಿದ್ದ ಗೆರೆಯ ಒಳಗಿನದು ಊರು, ಹೊರಗಿನದು ಅಡವಿ. ಅವರು ಚರಗ ಚೆಲ್ಲುತ್ತ ಬಂದು, ನನ್ನ ಮನೆಯ ಮುಂದೆ ಓಣಿ ಬಿಟ್ಟು ತಿರುಗಿ, ನನ್ನ ಗೋಡೆಯನ್ನು ಹೊರಗಿಟ್ಟು ಹೋದರು. ಕದದ ಸಂದಿಯಿಂದ ನೋಡಿದೆ. ನುಚ್ಚು ಬಿದ್ದ ಕಡೆ ನನ್ನ ಕೋಳಿಗಳು ಆಗಲೇ ಹೆಕ್ಕುತ್ತಿದ್ದವು.

ಅವರು ಶಿಕ್ಷೆ ಎಂದುಕೊಂಡು ಮಾಡಿದ್ದು ಅದು. ಆದರೆ ಮೈದುನ ಸುಣ್ಣದ ಬಕೀಟು ಹಿಡಿದು ನನ್ನ ಅಂಗಳದ ಕಡೆ ಬಂದಾಗ ಹಿರಿಯರೇ ತಡೆದರು. "ಎಲ್ಲಿ ಹೊಂಟಿ? ಸೀಮಿ ಆಚೆ ಶೆಡ್ಡು ಹಾಕಿದ್ರ ಟ್ರ್ಯಾಕ್ಟರ್ ಜೋಡಿ ನೀನೂ ಊರ ಹೊರಗ ಆಗತೀ." ಅವನು ಬಕೀಟು ಹಿಡಿದು ನಿಂತೇ ಇದ್ದ. ಸುಣ್ಣದ ಗೆರೆ ಅಲ್ಲಿಗೇ ನಿಂತಿತು. ಹೀಗೆ ನನ್ನ ಮನೆ ನನಗೆ ಉಳಿಯಿತು.

ಈಗ ಊರು ತುಂಬಿದೆ. ಪತ್ರಾಸು ತಗಡಿನ ಮನೆಗಳು, ಬಣವೆಗಳು, ರಾತ್ರಿಯೆಲ್ಲ ಟೀವಿ. ಟೀಸಿ ನನ್ನ ಅಂಗಳದಲ್ಲಿ ಗುಂಯ್ ಎನ್ನುತ್ತ ನಿಂತಿದೆ. ಹಬ್ಬಕ್ಕೆ ನನ್ನನ್ನು ಕರೆಯುವುದಿಲ್ಲ. ಪಲ್ಲಕ್ಕಿ ಓಣಿಯ ತುದಿಗೆ ಬಂದು ತಿರುಗುತ್ತದೆ. ನೀರು ಕೇಳಲೂ ಯಾರೂ ಬರುವುದಿಲ್ಲ. ಫ್ಯೂಜು ಹೋದಾಗ ಮಾತ್ರ ನಾಲ್ಕು ಗಂಡಸರು ನನ್ನ ಅಂಗಳದಲ್ಲಿ ಬಂದು ಬಾಯಿ ಮುಚ್ಚಿ ನಿಲ್ಲುತ್ತಾರೆ. ಅವರಲ್ಲಿ ಮೈದುನನೂ ಇರುತ್ತಾನೆ. ನಾನು ಒಳಗೇ ಕುಳಿತು ಜೋಳ ಹಸನು ಮಾಡುತ್ತೇನೆ. ಅವನನ್ನು ಕ್ಷಮಿಸಿಲ್ಲ. ವಯಸ್ಸಾದರೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರೆ. ನನಗಿನ್ನೂ ಆಗಿಲ್ಲ.

ನಾನು ಸತ್ತ ದಿನ ಈ ಒಲೆ ಆರುತ್ತದೆ. ಮರುದಿನವೇ ಅವನೋ ಅವನ ಮಕ್ಕಳೋ ಬಂದು, ಇದು ಸೀಮೆಯ ಹೊರಗಿನ ಹಾಳು ಜಾಗ, ಇಲ್ಲಿ ಯಾರದೂ ಏನೂ ಇಲ್ಲ ಎನ್ನುತ್ತಾರೆ. ಹಾಗೆ ಹೇಳಲು ಅವನಿಗೆ ಯಾವ ನಾಚಿಕೆಯೂ ಆಗುವುದಿಲ್ಲ. ಈ ಮನೆ ನಿಮ್ಮ ಅವ್ವನದು, ಅವಳ ನಂತರ ನಿಮ್ಮಿಬ್ಬರದು. ನೀವು ಇಲ್ಲಿ ಇರಬೇಕೆಂದು ನಾನು ಕೇಳುವುದಿಲ್ಲ. ಇದು ಯಾರ ಮನೆ ಎಂದು ಅವರು ಕೇಳಿದಾಗ ನಿಮ್ಮ ಬಾಯಿ ನನ್ನ ಬಾಯಿಯಂತೆ ಕಟ್ಟದಿರಲಿ, ಅಷ್ಟೇ.

ಈ ಹಾಳೆಗಳನ್ನು ಇಲ್ಲಿ ಇಡಬೇಡಿ. ಇಲ್ಲಿ ಇಲಿಗಳಿವೆ, ನೆಗೆಣ್ಣಿಯೂ ಇದ್ದಾಳೆ. ರಾಣೆಬೆನ್ನೂರಿಗೆ ಒಯ್ದು ನಿಮ್ಮ ಅವ್ವನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಡಿರಿ. ಫೋಟೋ ತೆಗೆದು ಮೊಬೈಲಿನ ಮನೆಮಂದಿ ಗುಂಪಿಗೆ ಹಾಕಬೇಡಿ, ಅದರಲ್ಲಿ ನಿಮ್ಮ ಸಣ್ಣಜ್ಜನೂ ಇದ್ದಾನೆ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಿಡಿದು, ಮತ್ತೆ ಮಡಚಿಡಿ.